ಕಲ್ಲಿನ ಹಾಸಿನ ಮೇಲೆ ಐಸ್‌ಕ್ರೀಮ್

ಪ್ರಶ್ನೆ: ನಾವು ಆರಿಸಿದ ಬೀಜ, ಬಿಸ್ಕತ್ತು, ಹಣ್ಣುಗಳನ್ನು ಕಣ್ಣೆದುರೇ ಬೆರೆಸಿಕೊಡುವ ಐಸ್‌ಕ್ರೀಮ್ ಅಂಗಡಿಗಳಲ್ಲಿ ಕಲ್ಲಿನ ಹಾಸನ್ನು ಬಳಸುವುದೇಕೆ? ಏನನ್ನು ಬೆರೆಸಿಕೊಂಡರೆ ಚೆನ್ನ?

ಉತ್ತರ: ಐಸ್‌ಕ್ರೀಮಿನೊಳಗಿನ ಸೂಕ್ಷ್ಮವಾದ ಮಂಜಿನ ಹರಳುಗಳು ಕರಗಿ ಮತ್ತೆ ಹೆಪ್ಪುಗಟ್ಟಿದರೆ ದೊಡ್ಡದಾಗಿ ನಾಲಿಗೆಗೆ ತರಿತರಿಯೆನಿಸುವುದರಿಂದ, ಮೊದಲೇ ತಣ್ಣಗಾಗಿಸಿದ ಗ್ರಾನೈಟ್ ಅಥವಾ ಅಮೃತಶಿಲೆಯ ಹಾಸಿನ ಮೇಲೆ ಅದನ್ನು ಹರಡಿ, ಬೇಗನೆ ಮಡಚಿ ಬೆರೆಸುತ್ತಾರೆ. ಬೆರೆಸಿಕೊಡುವ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ಸ್ಟೀವ್ ಹೆರೆಲ್ 1973ರಲ್ಲಿ ತೆರೆದ ಅಂಗಡಿ.

ಹುರಿದ ಬೀಜಗಳು ಗರಿಗರಿಯಾಗಿಯೇ ಉಳಿಯುತ್ತವೆ. ಬಿಸ್ಕತ್ತು ಮೆತ್ತಗಾಗುತ್ತದೆ (ಕೆಲವರಿಗೆ ಅದೇ ಇಷ್ಟ). ತಣ್ಣಗಾಗಿಸದ ಹಣ್ಣು ಐಸ್‌ಕ್ರೀಮನ್ನು ಕರಗಿಸುತ್ತದೆ, ಹೆಪ್ಪುಗಟ್ಟಿದ ಹಣ್ಣು ಹಲ್ಲಿಗೆ ಕಲ್ಲಾಗುತ್ತದೆ. ಎರಡಕ್ಕಿಂತ ಹೆಚ್ಚು ಬೆರೆಸಿದರೆ ಯಾವುದರ ರುಚಿಯೂ ತಿಳಿಯದೆಂಬುದು ನಮ್ಮ ಅಭಿಪ್ರಾಯ. ಒಂದೇ ಹಾಸಿನ ಮೇಲೆ ಎಲ್ಲರದ್ದನ್ನೂ ಬೆರೆಸುವುದರಿಂದ, ಕಡಲೆಕಾಯಿ ಬೀಜದಂಥವುಗಳ ಅಲರ್ಜಿಯಿರುವವರು ಮೊದಲೇ ತಿಳಿಸಿ, ಬೇರೆ ಪಾತ್ರೆಯಲ್ಲಿ ಬೆರೆಸಿಕೊಡುವರೇ ಎಂದು ವಿಚಾರಿಸಬೇಕು.