ಅಪ್ಪನಿಗೆ ಗೊತ್ತಾದರೆ ಕಾಲೇಜು ಬಿಡಿಸ್ತಾರಾ?

ಸುಮಾ ಅನ್ನೋಣ. ಹೆಸರು, ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 17, ದ್ವಿತೀಯ ಪಿಯುಸಿ. ಹಾಲ್ ಟಿಕೆಟ್ ಬಂದ ಖುಷಿಗೆ ಅದರ ಫೋಟೊ ತೆಗೆದು ಇನ್‌ಸ್ಟಾಗ್ರಾಂ ಸ್ಟೋರಿಗೆ ಹಾಕಿದ್ದಳು. ಅದರಲ್ಲಿ ಅಪ್ಪ-ಅಮ್ಮನ ಹೆಸರು, ಕಾಲೇಜು, ರಿಜಿಸ್ಟರ್ ನಂಬರ್ ಎಲ್ಲಾ ಇತ್ತು. ಹುಟ್ಟಿದ ದಿನ ಬಯೋದಲ್ಲೇ ಇತ್ತು. ಟ್ಯೂಷನ್‌ಗೆ ಹತ್ತುವ ಬಸ್ ಸ್ಟಾಪು ರೀಲ್‌ನಲ್ಲಿ.

ಒಬ್ಬ ಮೆಸೇಜ್ ಮಾಡಿದ. ಅದೇ ಕಾಲೇಜಿನ ಸೀನಿಯರ್ ಅಂದ. ಮನೆಯವರ ಹೆಸರೆಲ್ಲಾ ಹೇಳಿದ ಮೇಲೆ ನಂಬದೆ ಇರೋದು ಹೇಗೆ? ಆಮೇಲೆ ಅವಳ ಪ್ರೊಫೈಲ್ ಫೋಟೊವನ್ನೇ ಬೆತ್ತಲೆ ಚಿತ್ರ ಮಾಡಿ ಕಳಿಸಿದ. ದುಡ್ಡು ಕೊಡದಿದ್ದರೆ ಅಪ್ಪನಿಗೆ ಕಳಿಸುತ್ತೇನೆ ಅಂದ. ಗೆಳತಿಯ ಹತ್ತಿರ ಸಾಲ ಮಾಡಿ 2,000 ರೂಪಾಯಿ ಕೊಟ್ಟಳು. ಮರುದಿನ ಮತ್ತೆ ಕೇಳಿದ. ಕೊಟ್ಟವರನ್ನು ಇಂಥವರು ಬಿಡುವುದಿಲ್ಲ.

ಲೆಕ್ಚರರ್ ಒಬ್ಬರು ನನ್ನ ಹತ್ತಿರ ಕಳಿಸಿದರು. ಅವಳ ಮೊದಲ ಪ್ರಶ್ನೆ ಫೋಟೊ ಬಗ್ಗೆ ಅಲ್ಲ. "ಅಪ್ಪನಿಗೆ ಗೊತ್ತಾದ್ರೆ ಕಾಲೇಜು ಬಿಡಿಸ್ತಾರಾ ಮೇಡಂ?"

ಒಂದು ಮಾತು ಮೊದಲೇ ಹೇಳಿಬಿಟ್ಟೆ. ನಿನಗಿನ್ನೂ 18 ಆಗಿಲ್ಲ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಪ್ರಕಾರ ಇದನ್ನು ಪೊಲೀಸರಿಗೆ ತಿಳಿಸಲೇಬೇಕು, ಗುಟ್ಟಾಗಿ ಇಡ್ತೀನಿ ಅಂತ ಸುಳ್ಳು ಹೇಳಲ್ಲ. ತುಂಬಾ ಅತ್ತಳು. ಆಮೇಲೆ ಇಬ್ಬರೂ ಕೂತು ಅವನ ಖಾತೆಯ ಲಿಂಕು, ಚಾಟ್‌ನ ಸ್ಕ್ರೀನ್‌ಶಾಟು, ಯುಪಿಐ ರಸೀದಿ ಒಟ್ಟು ಮಾಡಿದೆವು. ಏನನ್ನೂ ಡಿಲೀಟ್ ಮಾಡಬೇಡ, ಇನ್ನು ಒಂದು ಪೈಸೆಯೂ ಕೊಡಬೇಡ, ಅವನಿಗೆ ಉತ್ತರವೂ ಬೇಡ ಅಂದೆ. ಹೋದ ದುಡ್ಡಿಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಚಿತ್ರಕ್ಕೆ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು. ಚಿತ್ರ ಹರಡದಂತೆ 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆಯನ್ನೂ ತೋರಿಸಿದೆ. ಅದರಲ್ಲಿ ಚಿತ್ರ ಮೊಬೈಲ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅದರ ಗುರುತಿನ ಕೋಡ್ ಮಾತ್ರ ಹೋಗುತ್ತದೆ.

ವಿಷಯ ತಿಳಿದು ಅಪ್ಪ ಬಂದವರೇ ಅವಳ ಮೊಬೈಲ್‌ಗೆ ಕೈ ಹಾಕಿದರು. "ಕಿತ್ಕೋಬೇಡಿ, ಸಾಕ್ಷಿ ಇರೋದೇ ಅದರಲ್ಲಿ. ಇವತ್ತು ಬೈದರೆ ಮುಂದೆ ಏನಾದರೂ ಆದಾಗ ನಿಮಗೆ ಹೇಳೋದೇ ಇಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಇವಳು ಸ್ಟೇಷನ್‌ಗೆ ಬರ್ಲೇಬೇಕಾ?" ಅಂದರು. ಮಕ್ಕಳ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಆದಷ್ಟು ಮಹಿಳಾ ಅಧಿಕಾರಿಯೇ ಬರಬೇಕು, ಅದೂ ಯೂನಿಫಾರಂ ಇಲ್ಲದೆ ಅಂತ ವಿವರಿಸಿದೆ. ಅವತ್ತು ಸಂಜೆಯೇ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಅವರೇ ಹೋದರು.

ಆ ಖಾತೆ ಮುಚ್ಚಿದೆ, ಆಸಾಮಿ ಸಿಕ್ಕಿಲ್ಲ. ಸುಮಾ ಪರೀಕ್ಷೆ ಬರೆದಳು. ಇನ್‌ಸ್ಟಾಗ್ರಾಂ ಬಿಟ್ಟಿಲ್ಲ, ನಾನೂ ಬಿಡು ಅನ್ನಲಿಲ್ಲ. ಖಾತೆ ಪ್ರೈವೇಟ್ ಮಾಡಿ, ಗುರುತಿಲ್ಲದ ಫಾಲೋವರ್‌ಗಳನ್ನೆಲ್ಲಾ ತೆಗೆದಿದ್ದಾಳೆ.