ಸ್ಟೆಲೆನ್‌ಬಾಶ್ ಕಡೆಯ ವೈನ್ ತೋಟಗಳಿಗೆ ಎರಡು ದಿನ

ಮಹನೀಯರೇ, ಫೆಬ್ರವರಿ ಕೊನೆಯಲ್ಲಿ ಕೇಪ್‌ಟೌನಿಗೆ ಹೋಗುವಾಗ ಎರಡು ದಿನಗಳಲ್ಲಿ ಯಾವ ವೈನ್ ತೋಟಗಳನ್ನು ನೋಡಬಹುದು, ಮದ್ಯ ಮುಟ್ಟದ ತಾಯಿಯವರಿಗೆ ಬೇಸರವಾಗದೇ ಎಂದು ಕೇಳಿದ್ದೀರಿ. ಅದು ದ್ರಾಕ್ಷಿ ಕೊಯ್ಲಿನ ಕಾಲವಾದ್ದರಿಂದ ನಿಮ್ಮ ಆಯ್ಕೆ ಸರಿಯಾಗಿಯೇ ಇದೆ.

ಮೊದಲ ದಿನವನ್ನು ಕೇಪ್‌ಟೌನಿಗೆ ಹತ್ತಿರದ ಸ್ಟೆಲೆನ್‌ಬಾಶ್ ಊರಿಗೆ ಮೀಸಲಿಡಿ. ಪಿನೋ ನ್ವಾರ್ ಮತ್ತು ಸ್ಯಾನ್ಸೋ ತಳಿಗಳ ಸಂಕರದಿಂದ 1925ರಲ್ಲಿ ಅಲ್ಲಿಯೇ ಹುಟ್ಟಿದ ಪಿನೋಟಾಜ್ ದ್ರಾಕ್ಷಿಯ ನಿಜವಾದ ರುಚಿ ತಿಳಿಯಬೇಕಾದರೆ ಕನೋನ್‌ಕಾಪ್ ತೋಟಕ್ಕೇ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿ ತೆರೆದ ಕಾಂಕ್ರೀಟ್ ತೊಟ್ಟಿಗಳಲ್ಲಿ ರಸ ಹುಳಿಯುವಾಗ ಮೇಲಕ್ಕೆ ಉಬ್ಬಿ ಬರುವ ಸಿಪ್ಪೆಯ ಪದರವನ್ನು ಇಂದಿಗೂ ಕೈಯಿಂದಲೇ ಒತ್ತಿ ಮುಳುಗಿಸುತ್ತಾರೆ. ರುಚಿ ನೋಡಿದ್ದನ್ನು ಪಕ್ಕದ ಪಾತ್ರೆಗೆ ಉಗುಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಮ್ಮವರು ಮಾತ್ರ ಸಂಕೋಚಪಟ್ಟು ಎಲ್ಲವನ್ನೂ ನುಂಗಿ, ಮೂರನೆಯ ತೋಟದ ಹೊತ್ತಿಗೆ ತೂಕಡಿಸುತ್ತಾರೆ.

ಎರಡನೆಯ ದಿನ ಫ್ರಾನ್ಸ್‌ಹೂಕ್ ಕಣಿವೆಯಲ್ಲಿ ತೋಟದಿಂದ ತೋಟಕ್ಕೆ ಪ್ರವಾಸಿಗರನ್ನು ಒಯ್ಯುವ ವೈನ್ ಟ್ರಾಮ್ ಹತ್ತಿ, ಬೇಕೆಂದಲ್ಲಿ ಇಳಿದು ಮುಂದುವರಿಯಬಹುದಾದ್ದರಿಂದ ಕಾರು ಓಡಿಸುವ ಚಿಂತೆಯಿಲ್ಲ. ತಾಯಿಯವರಿಗಾಗಿ ಬ್ಯಾಬಿಲೋನ್‌ಸ್ಟೋರೆನ್ ತೋಟಕ್ಕೆ ಟ್ಯಾಕ್ಸಿಯಲ್ಲಿ ಹೋಗಿ ಅರ್ಧ ದಿನ ಕಳೆಯಿರಿ. ಹಣ್ಣು, ತರಕಾರಿ, ಔಷಧಿ ಗಿಡಗಳ ಮಡಿಗಳ ನಡುವೆ ಅವರಿಗೆ ಹೊತ್ತು ಹೋದದ್ದೇ ತಿಳಿಯದು. ಬಿಸಿಲು ಜೋರಾಗಿರುವುದರಿಂದ ಬೆಳಿಗ್ಗೆಯೇ ಹೊರಡಿ, ಊಟದ ಮೇಜನ್ನು ಮುಂಚಿತವಾಗಿ ಕಾಯ್ದಿರಿಸಿ.