ಗುಂಡಿಲ್ಲ, ಅಂಕವಿಲ್ಲ, ಆದರೂ ಆಟವೇ

ಕೋಡಿಬಾಗದ ಓದುಗರಿಗೆ ನಮಸ್ಕಾರ.

ನಿಮ್ಮ ಮಗಳು ದುಡ್ಡು ಕೊಟ್ಟು ‘ಗಾನ್ ಹೋಮ್’ ಅನ್ನುವ ವಿಡಿಯೋ ಗೇಮ್ ತಗೊಂಡಳು, ಅದರೊಳಗಿನ ಖಾಲಿ ಮನೆಯೊಂದರಲ್ಲಿ ಎರಡು ಗಂಟೆ ಓಡಾಡಿದಳು, ಮುಗಿದಾಗ ಕಣ್ಣೊರೆಸಿಕೊಂಡಳು ಅಂತ ಬರೆದಿದ್ದೀರಿ. ವೈರಿ ಇಲ್ಲ, ಅಂಕ ಇಲ್ಲ, ಸೋಲು ಗೆಲುವಿಲ್ಲ. ‘ಇದರ ಬದಲು ಒಂದು ಕಾದಂಬರಿ ಓದಬಹುದಿತ್ತಲ್ಲ, ನೀವ್ಯಾಕೆ ಇಂಥದ್ದನ್ನು ಹೊಗಳಿ ಬರೆಯುತ್ತೀರಿ?’ ಅಂತ ಕೇಳಿದ್ದೀರಿ.

2013ರಲ್ಲಿ ಆ ಆಟ ಬಂದಾಗ ಆಟವಾಡುವವರೇ ಅನೇಕರು ಇದನ್ನೇ ಕೇಳಿದ್ದರು. ಇಂಥ ಆಟಗಳನ್ನು ‘ವಾಕಿಂಗ್ ಸಿಮ್ಯುಲೇಟರ್’, ಅಂದರೆ ಬರೀ ನಡೆದಾಡುವ ಆಟ, ಅಂತ ಮೂದಲಿಸಿದ್ದೂ ಅವರೇ. ನನಗೆ ಅನ್ನಿಸುವುದು ಬೇರೆ. ಕಾದಂಬರಿಯಲ್ಲಿ ಯಾವುದನ್ನು ಯಾವಾಗ ತೋರಿಸಬೇಕು ಅನ್ನುವುದು ಬರೆದವರ ಕೈಯಲ್ಲಿದೆ. ಇಲ್ಲಿ ಹುಡುಕುವವರು ನಾವು.

‘ಗಾನ್ ಹೋಮ್’ ಕತೆಯನ್ನೇ ನೋಡಿ. 1995ರ ಜೂನ್, ಅಮೆರಿಕದ ಒರೆಗಾನ್, ಜೋರು ಮಳೆಯ ರಾತ್ರಿ. ಯುರೋಪ್ ಸುತ್ತಿ ಬಂದ ಅಕ್ಕನಿಗೆ ಬಾಗಿಲಲ್ಲಿ ತಂಗಿಯ ಚೀಟಿ ಸಿಗುತ್ತದೆ, ನಾನೆಲ್ಲಿದ್ದೇನೆ ಅಂತ ಹುಡುಕಬೇಡ ಅಂತ. ಹುಡುಕದೆ ಇರೋಕಾಗುತ್ತಾ? ಆಡುವ ನಾವೇ ಆ ಅಕ್ಕ. ಅಕ್ಕ ಊರಲ್ಲಿಲ್ಲದಾಗ ಮನೆಯವರು ಇಲ್ಲಿಗೆ ಬಂದದ್ದರಿಂದ ಅವಳಿಗೂ ಆ ಮನೆ ನಮ್ಮಷ್ಟೇ ಹೊಸದು, ಹಾಗಾಗಿ ಒಂದೊಂದೇ ಕೋಣೆಯ ದೀಪ ಹಾಕುತ್ತಾ, ಡ್ರಾಯರ್ ಎಳೆಯುತ್ತಾ, ಕೈಗೆ ಸಿಕ್ಕಿದ್ದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾ ಹೋಗಬೇಕು. ಅಪ್ಪನ ಕಾದಂಬರಿಗಳು ಯಾರೂ ಕೊಳ್ಳದೆ ಡಬ್ಬಗಳಲ್ಲಿ ಬಿದ್ದಿವೆ. ಅಪ್ಪನಿಗೆ ಬೇಸರವಾಗಿದೆ ಅಂತ ಯಾರೂ ಬಂದು ಹೇಳುವುದಿಲ್ಲ. ಡಬ್ಬ ನೋಡಿದಾಗ ನಮಗೇ ಗೊತ್ತಾಗುತ್ತದೆ. ನಿಮ್ಮ ಮಗಳು ಅತ್ತದ್ದು ಅದಕ್ಕೇ ಇರಬೇಕು, ಆ ಮನೆಯವರ ಸಂಕಟವನ್ನು ಅವಳು ತಾನೇ ಹುಡುಕಿಕೊಂಡಳು.

ಇನ್ನೊಂದಿದೆ, 2017ರ ‘ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್’. ಅದರಲ್ಲಿ ಲೂಯಿಸ್ ಅನ್ನುವ ಹುಡುಗ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಬೈತಖೋಲ ಬಂದರಿನಲ್ಲಿ ಮೀನು ಕೆಲಸ ಕಂಡವರಿಗೆ ಇದು ಬೇಗ ತಟ್ಟುತ್ತದೆ. ನಮ್ಮ ಬಲಗೈ ಮೀನು ಎಳೆದು, ತಲೆ ಕತ್ತರಿಸಿ, ಎಸೆಯುತ್ತಲೇ ಇರಬೇಕು. ಎಡಗೈ ಅವನ ಹಗಲುಗನಸಿನ ರಾಜನನ್ನು ನಡೆಸುತ್ತದೆ. ಕನಸು ಮೂಲೆಯಲ್ಲಿ ಸಣ್ಣದಾಗಿ ಶುರುವಾಗಿ ಪರದೆಯನ್ನೆಲ್ಲ ತುಂಬುತ್ತದೆ, ಬಲಗೈ ಮಾತ್ರ ನೋಡದೆಯೇ ಕತ್ತರಿಸುತ್ತಿರುತ್ತದೆ. ಒಂದೇ ಕೆಲಸ ದಿನಾ ಮಾಡುವವನ ಮನಸ್ಸು ಎಲ್ಲಿ ಕಳೆದುಹೋಗುತ್ತದೆ ಅಂತ ಬೆರಳಿಗೇ ಅರ್ಥವಾಗುತ್ತದೆ. ಪುಸ್ತಕ ಇದನ್ನು ಮಾಡಲಾರದು, ಸಿನಿಮಾನೂ ಅಷ್ಟೇ.

ಎರಡೇ ಗಂಟೆಗೆ ಇಷ್ಟು ದುಡ್ಡಾ ಅಂತಲೂ ಕೇಳಿದ್ದೀರಿ. ಬೆಳಗಿನವರೆಗೆ ಆಗುತ್ತಿದ್ದ ಯಕ್ಷಗಾನ ಈಗ ಕಾಲಮಿತಿಯಲ್ಲಿ ಮುಗಿಯುವುದುಂಟು, ಭಾಗವತರು ಚೆನ್ನಾಗಿದ್ದರೆ ಅಷ್ಟರಲ್ಲೇ ಮನಸ್ಸು ತುಂಬುತ್ತದೆ ಅಲ್ವಾ? ನನಗೆ ಚಿಂತೆಯಾಗುವುದು ಮುಗಿಯದ ಆಟಗಳ ಬಗ್ಗೆ. ದಿನಾ ಬಾ, ಬಂದರೆ ನಾಣ್ಯ ಕೊಡುತ್ತೇನೆ ಅಂತ ಫೋನಿನಲ್ಲಿ ಕರೆಯುತ್ತಲೇ ಇರುವಂಥವು. ನಿಮ್ಮ ಮಗಳು ಆಡಿದ್ದು ಹೇಳಬೇಕಾದ್ದನ್ನು ಹೇಳಿ ಅವಳನ್ನು ಮಲಗಲು ಬಿಟ್ಟಿತು.

ನೀವೂ ಒಂದು ಆಡಿ ನೋಡಿ. 2019ರ ‘ಎ ಶಾರ್ಟ್ ಹೈಕ್’ ಸಾಕು, ಬೆರಳಿನ ಚುರುಕು ಜಾಸ್ತಿ ಬೇಡ. ಫೋನಿಗೆ ಸಿಗ್ನಲ್ ಸಿಗಲಿ ಅಂತ ಒಂದು ಹಕ್ಕಿ ಹುಡುಗಿ ಬೆಟ್ಟ ಹತ್ತುತ್ತಾಳೆ. ನಮ್ಮ ಜೋಯಿಡಾ ಕಡೆಯವರಿಗೆ ಈ ಕತೆ ವಿವರಿಸಬೇಕಾಗಿಲ್ಲ. ದಾರಿಯಲ್ಲಿ ಸಿಕ್ಕವರ ಹತ್ತಿರ ಸುಮ್ನೆ ಮಾತಾಡುತ್ತಾ ಹೋಗಿ, ಅವಸರ ಬೇಡ. ಎಡಿತ್ ಫಿಂಚ್ ಮಾತ್ರ ಚಿಕ್ಕ ಮಕ್ಕಳ ಎದುರು ಹಾಕಬೇಡಿ. ಅದರಲ್ಲಿ ಸಾವು ಜಾಸ್ತಿ, ಕೂಸಿನ ಸಾವೂ ಇದೆ.

– ಸಂ.